ಕಾಶೀಪುರದ ಮಹಡಿಯ ಕೋಣೆ: ರಾಮಕೃಷ್ಣ ಪರಮಹಂಸರ ಕಾಯಿಲೆ ಮತ್ತು ಅವರನ್ನು ನೋಡಿಕೊಂಡವರು

ರಾಮಕೃಷ್ಣ ಪರಮಹಂಸರ ಪಟವನ್ನು ನಮ್ಮಲ್ಲಿ ನೋಡದವರು ಕಡಿಮೆ. ಕುವೆಂಪು ಬರೆದ ಅವರ ಜೀವನಚರಿತ್ರೆಯನ್ನೋ ‘ವಚನವೇದ’ವನ್ನೋ ಓದಿದವರು ಪ್ರತಿ ಕನ್ನಡ ಬಳಗದಲ್ಲೂ ಒಬ್ಬಿಬ್ಬರು ಸಿಗುತ್ತಾರೆ. ಅವರು ತೀರಿಕೊಂಡದ್ದು ಗಂಟಲಿನ ಕ್ಯಾನ್ಸರ್‌ನಿಂದ ಎಂಬುದೂ ಹಲವರಿಗೆ ಗೊತ್ತು. ಆದರೆ ಆ ಕಾಯಿಲೆಯ ಸುಮಾರು 16 ತಿಂಗಳು ಅವರು ಆಸ್ಪತ್ರೆಯಲ್ಲಿರಲಿಲ್ಲ, ಮನೆಯಲ್ಲಿದ್ದರು. ಗಂಜಿ ಕಾಯಿಸಿದ್ದು, ರಾತ್ರಿ ಎದ್ದಿದ್ದು, ರಕ್ತ ಒರೆಸಿದ್ದು, ದುಡ್ಡು ಹೊಂದಿಸಿದ್ದು ಹೆಂಡತಿ ಮತ್ತು ಇಪ್ಪತ್ತರ ಆಸುಪಾಸಿನ ಕೆಲವು ಹುಡುಗರು. ಅವರಿಗೆ ಈ ಕೆಲಸವನ್ನು ಯಾರೂ ಕಲಿಸಿರಲಿಲ್ಲ. ಈ ಅಂಕಣ ಓದುವ ಅನೇಕರ ಮನೆಯಲ್ಲಿ ಇವತ್ತು ನಡೆಯುತ್ತಿರುವುದೂ ಅದೇ. ಆದ್ದರಿಂದ ಈ ಸಲ ಅವರ ಜೀವನವನ್ನು ಆ ಕಡೆಯಿಂದ ನೋಡೋಣ.

ಗದಾಧರ ಚಟ್ಟೋಪಾಧ್ಯಾಯ ಹುಟ್ಟಿದ್ದು 1836ರ ಫೆಬ್ರವರಿ 18ರಂದು, ಬಂಗಾಳದ ಕಾಮಾರಪುಕುರ ಎಂಬ ಹಳ್ಳಿಯಲ್ಲಿ. ಏಳನೆಯ ವಯಸ್ಸಿಗೆ ತಂದೆ ಹೋದರು. ಅಣ್ಣ ರಾಮಕುಮಾರ ಕಲ್ಕತ್ತೆಗೆ ಕರೆದುಕೊಂಡು ಬಂದ. 1855ರಲ್ಲಿ ರಾಣಿ ರಾಸಮಣಿ ದಕ್ಷಿಣೇಶ್ವರದಲ್ಲಿ ಕಾಳಿಯ ಗುಡಿ ಕಟ್ಟಿಸಿದಾಗ ಅಣ್ಣ ಅಲ್ಲಿ ಪೂಜಾರಿಯಾದ, ಅಣ್ಣನ ನಂತರ ತಮ್ಮ. ಮುಂದಿನ ವರ್ಷಗಳ ಸಾಧನೆಯ ಕಥೆ ಬೇರೆಡೆ ವಿವರವಾಗಿ ಇದೆ, ಇಲ್ಲಿ ಅದನ್ನು ಹೇಳುವುದಿಲ್ಲ. ನಮಗೆ ಬೇಕಾದದ್ದು ಇಷ್ಟು: ಊಟ, ಬಟ್ಟೆ, ನಿದ್ದೆ ಯಾವುದರ ಪರಿವೆಯೂ ಇಲ್ಲದ ಆ ವರ್ಷಗಳಲ್ಲಿ ಅವರ ದೇಹವನ್ನು ಕಾಪಾಡಿದವನು ಹೃದಯ ಎಂಬ ಸಂಬಂಧಿ. ಉಣಿಸಿದ, ಹಿಡಿದು ನಡೆಸಿದ, ಬೈದ ಕೂಡ. 1881ರಲ್ಲಿ ಅವನು ಗುಡಿ ಬಿಟ್ಟು ಹೋಗಬೇಕಾಯಿತು. ಅಲ್ಲಿಂದ ಮುಂದೆ ಆ ಜವಾಬ್ದಾರಿ ಹಲವು ಕೈಗಳಿಗೆ ಹಂಚಿಹೋಯಿತು.

ಆ ಕೈಗಳಲ್ಲಿ ಮೊದಲನೆಯದು ಶಾರದಾದೇವಿಯವರದು. 1853ರಲ್ಲಿ ಜಯರಾಮಬಾಟಿಯಲ್ಲಿ ಹುಟ್ಟಿದ ಅವರಿಗೆ ಆ ಕಾಲದ ಪದ್ಧತಿಯಂತೆ ಐದು ವರ್ಷಕ್ಕೇ ಮದುವೆಯಾಗಿತ್ತು. 1872ರಲ್ಲಿ ದಕ್ಷಿಣೇಶ್ವರಕ್ಕೆ ಬಂದರು. ಅಲ್ಲಿ ಅವರು ಇದ್ದದ್ದು ನಹಬತ್ತು, ಅಂದರೆ ನಗಾರಿಖಾನೆಯ ಕೆಳಗಿನ ಪುಟ್ಟ ಕೋಣೆಯಲ್ಲಿ. ಅಡುಗೆ, ಸಾಮಾನು, ಮಲಗುವುದು ಎಲ್ಲ ಅದರಲ್ಲೇ. ಗಂಡನ ಹೊಟ್ಟೆ ಸೂಕ್ಷ್ಮ ಎಂದು ಅವರಿಗೆ ಹಿಡಿಸುವ ಅಡುಗೆಯನ್ನೇ ಬೇರೆ ಮಾಡುತ್ತಿದ್ದರು.

ಗಂಟಲು ನೋವು

1885ರ ಏಪ್ರಿಲ್‌ನ ಬೇಸಿಗೆಯಲ್ಲಿ ಪರಮಹಂಸರಿಗೆ ಗಂಟಲು ನೋವು ಶುರುವಾಯಿತು. ಸೆಕೆಗೆ ಮಂಜುಗಡ್ಡೆ ತಿಂದದ್ದರಿಂದ ಇರಬೇಕು ಎಂದುಕೊಂಡರು. ಮಾತು ಜಾಸ್ತಿಯಾಯಿತು, ಪ್ರವಚನ ಮಾಡುವವರಿಗೆ ಬರುವ ಗಂಟಲು ಬೇನೆ ಇದು ಎಂದರು ವೈದ್ಯರು. ಲೇಪ ಹಚ್ಚಿದರು. ಜೂನ್ ಹೊತ್ತಿಗೆ ಪಾನಿಹಾಟಿಯಲ್ಲಿ ವೈಷ್ಣವರ ಉತ್ಸವ. ಹೋಗಬೇಡಿ ಎಂದವರಿದ್ದರು, ಅವರು ಹೋದರು. ಮಳೆಯಲ್ಲಿ ನೆನೆದು, ಕೀರ್ತನೆಯಲ್ಲಿ ಕುಣಿದು ಬಂದ ಮೇಲೆ ನೋವು ಹೆಚ್ಚಿತು. ಗಟ್ಟಿ ಊಟ ಇಳಿಯದಾಯಿತು. ಸೆಪ್ಟೆಂಬರ್‌ನಲ್ಲಿ ಒಂದು ದಿನ ಗಂಟಲಿನಿಂದ ರಕ್ತ ಬಂತು. ಕಲ್ಕತ್ತೆಯ ಒಂದು ಮನೆಯಲ್ಲಿ ಊಟಕ್ಕೆ ಸೇರಿದ್ದ ಭಕ್ತರಿಗೆ ಅವರು ಬರಲಾಗುವುದಿಲ್ಲ ಎಂಬ ಸುದ್ದಿಯೊಂದಿಗೆ ಇದೂ ತಿಳಿಯಿತು. ಇನ್ನು ತಡ ಮಾಡಬಾರದು, ಊರೊಳಗೆ ವೈದ್ಯರ ಹತ್ತಿರ ಕರೆತರಬೇಕು ಎಂದು ಅಲ್ಲೇ ತೀರ್ಮಾನವಾಯಿತು.

ನೋವು ಶುರುವಾದದ್ದಕ್ಕೂ ಈ ತೀರ್ಮಾನಕ್ಕೂ ನಡುವೆ ಐದು ತಿಂಗಳು. ಅವರನ್ನು ದೂರುವ ಮಾತೇ ಇಲ್ಲ. ಆಗ ಎಕ್ಸ್‌ರೇ ಇರಲಿಲ್ಲ, ಅದು ಬಂದದ್ದು 1895ರಲ್ಲಿ. ರೇಡಿಯಂ ಕಂಡದ್ದು 1898ರಲ್ಲಿ. ಪರಮಹಂಸರು ತೀರಿಕೊಂಡ ಎರಡು ವರ್ಷಕ್ಕೆ, 1888ರಲ್ಲಿ, ಜರ್ಮನಿಯ ಚಕ್ರವರ್ತಿ ಮೂರನೆಯ ಫ್ರೆಡರಿಕ್ ಕೂಡ ಗಂಟಲಿನ ಕ್ಯಾನ್ಸರ್‌ನಿಂದಲೇ ಸತ್ತ. ಯೂರೋಪಿನ ಹೆಸರಾಂತ ವೈದ್ಯರು ಸುತ್ತ ಇದ್ದರು, ಅವರಲ್ಲೂ ಮೊದಲು ಇದು ಕ್ಯಾನ್ಸರ್ ಹೌದೋ ಅಲ್ಲವೋ ಎಂಬ ಜಗಳವೇ ನಡೆದಿತ್ತು. ಇವತ್ತಿನ ಮಾತು ಬೇರೆ. ಮೂರು ವಾರಕ್ಕೂ ಹೆಚ್ಚು ಸ್ವರ ಒಡೆದಿದ್ದರೆ, ನುಂಗುವಾಗ ಸಿಕ್ಕಿಕೊಂಡಂತಾದರೆ, ಕುತ್ತಿಗೆಯಲ್ಲಿ ಗಂಟು ಕಂಡರೆ, ಒಂದೇ ಕಡೆಯ ಕಿವಿ ಕಾರಣವಿಲ್ಲದೆ ನೋಯುತ್ತಿದ್ದರೆ ಇಎನ್‌ಟಿ ಡಾಕ್ಟರರಿಗೆ ತೋರಿಸಿ. ಬೇಗ ಸಿಕ್ಕಿದ ಗಂಟಲಿನ ಕ್ಯಾನ್ಸರ್ ವಿಕಿರಣ ಚಿಕಿತ್ಸೆಯಿಂದ ಅಥವಾ ಶಸ್ತ್ರಚಿಕಿತ್ಸೆಯಿಂದ ಅನೇಕರಲ್ಲಿ ಪೂರ್ತಿ ವಾಸಿಯಾಗುತ್ತದೆ. ಪರಮಹಂಸರಿಗೆ ಹುಕ್ಕಾ ಸೇದುವ ಅಭ್ಯಾಸವಿತ್ತು. ಅವರ ಕಾಯಿಲೆಗೆ ಅದೇ ಕಾರಣ ಎಂದು ಇಷ್ಟು ದೂರದಿಂದ ಹೇಳಲು ಬರುವುದಿಲ್ಲ. ಆದರೆ ಇಂದು ಗಂಟಲು ನೋವೆಂದು ಹೋದರೆ ಡಾಕ್ಟರು ಮೊದಲು ಕೇಳುವುದು ತಂಬಾಕಿನ ಬಗ್ಗೆಯೇ.

ಕಲ್ಕತ್ತೆಯಲ್ಲಿ ಅವರು ಮೊದಲು ಇಳಿದದ್ದು ಬಲರಾಮ ಬಸು ಎಂಬ ಭಕ್ತರ ಮನೆಯಲ್ಲಿ. ಗಂಗಾಪ್ರಸಾದ ಸೇನ್ ಮೊದಲಾದ ಹೆಸರಾಂತ ಕವಿರಾಜರು, ಅಂದರೆ ಆಯುರ್ವೇದ ಪಂಡಿತರು, ಬಂದು ನೋಡಿದರು. ಇದು ರೋಹಿಣಿ ಎಂಬ ರೋಗ, ವಾಸಿಯಾಗುವಂಥದ್ದಲ್ಲ ಎಂದರು. ಅಕ್ಟೋಬರ್ ಮೊದಲಿಗೆ ಶ್ಯಾಮಪುಕುರ ಬೀದಿಯ ಬಾಡಿಗೆ ಮನೆಗೆ ಸಾಗಿಸಿದರು.

ಹೆಂಗಸಿಗೆ ಜಾಗವಿಲ್ಲದ ಮನೆ

ಶ್ಯಾಮಪುಕುರದ ಮನೆಯಲ್ಲಿ ಒಂದು ತೊಡಕಿತ್ತು. ರೋಗಿಯ ಪಥ್ಯಕ್ಕೆ ಶಾರದಾದೇವಿ ಬೇಕೇ ಬೇಕು, ಆದರೆ ಮನೆಯಲ್ಲಿ ಹೆಂಗಸರಿಗೆಂದು ಪ್ರತ್ಯೇಕ ಜಾಗವಿರಲಿಲ್ಲ. ಬಂದು ಹೋಗುವವರೆಲ್ಲ ಗಂಡಸರು. ಆ ಕಾಲದ ಬಂಗಾಳಿ ಮನೆಯ ಹೆಣ್ಣುಮಗಳಿಗೆ ಅದು ಸಣ್ಣ ಮಾತಲ್ಲ. ಅವರು ಬಂದರು. ಬೆಳಗಿನ ಜಾವ ಮೂರಕ್ಕೆ, ಯಾರೂ ಏಳುವ ಮುಂಚೆ, ಸ್ನಾನ ಮುಗಿಸಿ ತಾರಸಿಯ ಮೆಟ್ಟಿಲ ಪಕ್ಕದ ಮುಚ್ಚಿದ ಚಿಕ್ಕ ಜಾಗಕ್ಕೆ ಹೋಗಿಬಿಡುತ್ತಿದ್ದರು. ಅಡುಗೆ ಅಲ್ಲೇ, ಹಗಲು ಇಡೀ ಅಲ್ಲೇ. ರಾತ್ರಿ ಹನ್ನೊಂದಕ್ಕೆ ಎಲ್ಲರೂ ಮಲಗಿದ ಮೇಲೆ ಕೆಳಗಿಳಿದು ಎರಡು ಮೂರು ಗಂಟೆ ಕಣ್ಣು ಮುಚ್ಚುತ್ತಿದ್ದರು. ಮನೆಗೆ ಬರುತ್ತಿದ್ದ ಎಷ್ಟೋ ಮಂದಿಗೆ ಅವರು ಅಲ್ಲಿರುವುದೇ ಗೊತ್ತಿರಲಿಲ್ಲವಂತೆ.

ಆರೈಕೆ ಮಾಡುವವರ ಬಗ್ಗೆ ಮಾತಾಡುವಾಗ ಇವತ್ತೂ ನಾವು ಮರೆಯುವುದು ಇದನ್ನೇ. ಡಾಕ್ಟರ ಮುಂದೆ ಕೂತು ಮಾತಾಡುವವರು ಒಬ್ಬರು, ಅಡುಗೆಮನೆಯಲ್ಲಿ ದಿನಕ್ಕೆ ಎಂಟು ಸಲ ಮಿಕ್ಸಿ ತಿರುಗಿಸುವವರು ಇನ್ನೊಬ್ಬರು. ಪಥ್ಯ, ಮಾತ್ರೆಯ ಹೊತ್ತು, ಯಾವುದಕ್ಕೆ ಕೆಮ್ಮು ಬರುತ್ತದೆ, ಯಾವುದು ಇಳಿಯುತ್ತದೆ ಎಂಬುದೆಲ್ಲ ಗೊತ್ತಿರುವುದು ಈ ಎರಡನೆಯವರಿಗೆ. ಮುಂದಿನ ಸಲ ಆಸ್ಪತ್ರೆಗೆ ಹೋಗುವಾಗ ಅವರನ್ನು ಕರೆದುಕೊಂಡು ಹೋಗಿ. ನರ್ಸು ಏನಾದರೂ ಕಲಿಸುವುದಿದ್ದರೆ ಅವರಿಗೇ ಕಲಿಸಲಿ.

ಚಿಕಿತ್ಸೆ ಈಗ ಡಾಕ್ಟರ್ ಮಹೇಂದ್ರಲಾಲ್ ಸರ್ಕಾರ್ ಅವರದು. ಕಲ್ಕತ್ತಾ ಮೆಡಿಕಲ್ ಕಾಲೇಜಿನಲ್ಲಿ ಎಂ.ಡಿ. ಮಾಡಿ, ಆಮೇಲೆ ಹೋಮಿಯೋಪಥಿಗೆ ಹೊರಳಿದವರು. 1876ರಲ್ಲಿ ವಿಜ್ಞಾನಕ್ಕಾಗಿ ಒಂದು ಸಂಸ್ಥೆಯನ್ನೇ ಕಟ್ಟಿದವರು. ಅವತಾರ, ಸಮಾಧಿ ಇಂಥ ಮಾತಿಗೆ ಬಗ್ಗುವ ಮನುಷ್ಯರಲ್ಲ. ಖರ್ಚನ್ನು ಭಕ್ತರು ಸೇರಿ ಹಾಕುತ್ತಿದ್ದಾರೆಂದು ತಿಳಿದ ಮೇಲೆ ಫೀಸು ತೆಗೆದುಕೊಳ್ಳಲಿಲ್ಲ. ರೋಗಿ ಮಾತಾಡಕೂಡದು, ಭಾವಾವೇಶಕ್ಕೆ ಒಳಗಾಗಕೂಡದು ಎಂದು ಕಟ್ಟುನಿಟ್ಟಾಗಿ ಹೇಳಿದರು. ಹಾಗೆ ಹೇಳಿದ ಡಾಕ್ಟರೇ ಬಂದು ಕೂತರೆ ಗಂಟೆಗಟ್ಟಲೆ ಮಾತು! ಬೇರೆ ರೋಗಿಗಳು ಕಾಯುತ್ತಿರುವುದನ್ನೂ ಮರೆತು ಪರಮಹಂಸರ ಜೊತೆ ವಾದ ಮಾಡುತ್ತಿದ್ದರು. ನಗು ಬರುತ್ತದೆ, ಆದರೆ ಇದರಲ್ಲಿ ತಪ್ಪು ಹುಡುಕಲು ನನಗೆ ಮನಸ್ಸಾಗುವುದಿಲ್ಲ. ವಾಸಿ ಮಾಡಲಾಗದ ಕಾಯಿಲೆಯಲ್ಲೂ ಡಾಕ್ಟರು ಬಂದು ಕೂರುತ್ತಾರೆ ಎಂಬುದು ರೋಗಿಗೆ ದೊಡ್ಡದು. ಹೋಮಿಯೋಪಥಿ ಗುಳಿಗೆ ಕ್ಯಾನ್ಸರನ್ನು ತಡೆಯಲಿಲ್ಲ, ಇವತ್ತಿಗೂ ತಡೆಯುವುದಿಲ್ಲ. ಅದನ್ನು ನೆಚ್ಚಿ ವಿಕಿರಣ ಚಿಕಿತ್ಸೆಯನ್ನೋ ಕೀಮೋವನ್ನೋ ಮುಂದೆ ಹಾಕುವ ಕುಟುಂಬಗಳು ಈಗಲೂ ಇವೆ, ಅವರಿಗಾಗಿ ಈ ಮಾತು.

ಕಾಶೀಪುರ

ಊರಿನ ಹೊಗೆ, ಗದ್ದಲ ರೋಗಿಗೆ ಒಗ್ಗಲಿಲ್ಲ. 1885ರ ಡಿಸೆಂಬರ್ 11ರಂದು ಊರ ಉತ್ತರಕ್ಕಿದ್ದ ಕಾಶೀಪುರದ ತೋಟದ ಮನೆಗೆ ಬಂದರು. ತಿಂಗಳಿಗೆ 80 ರೂಪಾಯಿ ಬಾಡಿಗೆ. ಅಷ್ಟು ಬಾಡಿಗೆಯೇ ಎಂದು ಪರಮಹಂಸರಿಗೇ ಸಂಕೋಚವಾಯಿತು. ಸುರೇಂದ್ರನಾಥ ಮಿತ್ರ ಎಂಬ ಭಕ್ತರು ಬಾಡಿಗೆಯ ಹೊಣೆ ಹೊತ್ತರು, ಪಥ್ಯದ ಖರ್ಚು ಬಲರಾಮ ಬಸು ಅವರದಾಯಿತು, ಉಳಿದದ್ದನ್ನು ಮಿಕ್ಕವರು ಹಂಚಿಕೊಂಡರು. ಮಹಡಿಯ ಮೇಲಿನ ದೊಡ್ಡ ಕೋಣೆ ರೋಗಿಗೆ, ಕೆಳಗಿನ ಒಂದು ಕೋಣೆ ಶಾರದಾದೇವಿಯವರಿಗೆ. ಅವರ ಜೊತೆಗೆ ಲಕ್ಷ್ಮಿ ಎಂಬ ಮನೆಯ ಹುಡುಗಿ.

ಹುಡುಗರು ಅಲ್ಲಿಗೇ ಬಂದು ಉಳಿದರು. ನರೇಂದ್ರ, ಮುಂದೆ ವಿವೇಕಾನಂದರಾದವರು, ಆಗ ಲಾ ಪರೀಕ್ಷೆಗೆ ಓದುತ್ತಿದ್ದರು. ತಂದೆ ತೀರಿಕೊಂಡು ಎರಡು ವರ್ಷ, ಮನೆಯಲ್ಲಿ ಕೋರ್ಟು ವ್ಯಾಜ್ಯ, ತಾಯಿ ತಮ್ಮಂದಿರ ಹೊಟ್ಟೆಪಾಡು. ಶಶಿ ಬಿ.ಎ. ಓದುತ್ತಿದ್ದ. ಶರತ್ ಮೆಡಿಕಲ್ ಕಾಲೇಜು ಸೇರಿದ್ದವನು. ಒಬ್ಬೊಬ್ಬರಾಗಿ ಓದು ಬಿಟ್ಟರು. ಮನೆಯವರು ಬಂದು ಕರೆದರು, ಬೈದರು. ಲಾಟು ಎಂಬುವನು ಓದು ಬರಹ ಬಾರದ ಬಿಹಾರದ ಹುಡುಗ, ಮೊದಲಿನಿಂದಲೂ ಪರಿಚಾರಕನಾಗಿದ್ದ. ಇವರೆಲ್ಲರ ನಡುವೆ ಒಬ್ಬ ಹಿರಿಯ, ಪರಮಹಂಸರಿಗಿಂತಲೂ ವಯಸ್ಸಾದ ಗೋಪಾಲ. ಹೊತ್ತಿಗೆ ಸರಿಯಾಗಿ ಔಷಧ ಕೊಡುವುದು ಅವರ ಕೆಲಸ. ಹಗಲು ರಾತ್ರಿಗೆ ಸರದಿ ಹಾಕಿದವರು ನರೇಂದ್ರ. ಯಾರು ಯಾವಾಗ ರೋಗಿಯ ಹತ್ತಿರ, ಯಾರು ಊರಿಗೆ ಹೋಗಿ ಡಾಕ್ಟರರನ್ನು ಕಾಣುವುದು, ಯಾರು ಸಾಮಾನು ತರುವುದು, ಎಲ್ಲ ಗೊತ್ತುಮಾಡಿದ್ದರು. ಶಶಿಯೊಬ್ಬ ಮಾತ್ರ ಸರದಿಯ ಲೆಕ್ಕಕ್ಕೆ ಸಿಗಲಿಲ್ಲ. ಊಟ ನಿದ್ದೆ ಬಿಟ್ಟು ಹಾಸಿಗೆಯ ಪಕ್ಕದಲ್ಲೇ ಇರುತ್ತಿದ್ದ.

ಸರದಿ ಎಂಬುದು ಕೇಳಲು ಸುಲಭ. ನಮ್ಮ ಮನೆಗಳಲ್ಲಿ ಮುಕ್ಕಾಲು ಪಾಲು ಶಶಿಯಂಥವರೊಬ್ಬರೇ ಇರುತ್ತಾರೆ, ಸರದಿ ಹಾಕುವ ನರೇಂದ್ರ ಇರುವುದಿಲ್ಲ. ಮುಂಬೈಯ ಒಂದು ಬೆಡ್‌ರೂಮಿನ ಫ್ಲಾಟಿನಲ್ಲಿ ಗಂಡ ಹೆಂಡತಿ ಇಬ್ಬರೇ ಇದ್ದರೆ, ಮಗಳು ಹುಬ್ಬಳ್ಳಿಯಲ್ಲಿದ್ದರೆ, ಸರದಿ ಎಲ್ಲಿಂದ ಬರಬೇಕು? ಆದರೂ ಕೆಲಸಗಳನ್ನು ಒಂದು ಹಾಳೆಯಲ್ಲಿ ಬರೆದು ನೋಡಿ. ಔಷಧದಂಗಡಿಗೆ ಹೋಗುವುದು, ಇನ್ಶೂರೆನ್ಸ್ ಕಾಗದ, ಭಾನುವಾರ ಮಧ್ಯಾಹ್ನ ಎರಡು ತಾಸು ಕೂರುವುದು, ಇವನ್ನು ಪಕ್ಕದ ಮನೆಯವರೂ ಮಾಡಬಲ್ಲರು. ಏನಾದರೂ ಬೇಕಿದ್ದರೆ ಹೇಳಿ ಎಂದು ಹೋದವರಿಗೆ ನಿಜವಾಗಿಯೂ ಹೇಳಬೇಕು. ರಾತ್ರಿ ನಿದ್ದೆಗೆಟ್ಟವರ ಕೈಯಲ್ಲಿ ಔಷಧದ ಲೆಕ್ಕ ತಪ್ಪುತ್ತದೆ. ಗೋಪಾಲರ ಹಾಗೆ ಔಷಧಕ್ಕೆ ಒಬ್ಬರೇ ಹೊಣೆ ಇರುವುದು, ಕೊಟ್ಟ ಹೊತ್ತನ್ನು ನೋಟ್‌ಬುಕ್ಕಿನಲ್ಲಿ ಬರೆಯುವುದು ಒಳ್ಳೆಯದು.

ಕಾಶೀಪುರದಲ್ಲಿ ದುಡ್ಡಿನ ಜಗಳವೂ ಆಯಿತು. ಇಷ್ಟು ಹುಡುಗರೇಕೆ, ಖರ್ಚು ಕೈಮೀರುತ್ತಿದೆ ಎಂದು ಕೆಲವು ಗೃಹಸ್ಥರು ಲೆಕ್ಕ ಕೇಳಿದರು. ಹುಡುಗರಿಗೆ ಸಿಟ್ಟು ಬಂತು. ನಿಮ್ಮ ದುಡ್ಡೇ ಬೇಡ, ಭಿಕ್ಷೆ ಎತ್ತಿಯಾದರೂ ನೋಡಿಕೊಳ್ಳುತ್ತೇವೆ ಎನ್ನುವವರೆಗೂ ಹೋಯಿತು. ಕೆಲವು ದಿನಗಳ ಮೇಲೆ ರಾಜಿಯಾಯಿತು. ಇದನ್ನು ಯಾಕೆ ಹೇಳುತ್ತಿದ್ದೇನೆಂದರೆ, ಅಪ್ಪನ ಕಾಯಿಲೆಯ ಖರ್ಚಿಗೆ ಅಣ್ಣ ತಮ್ಮಂದಿರು ಜಗಳವಾಡಿದರೆ ನಮ್ಮದೊಂದೇ ಕೆಟ್ಟ ಸಂಸಾರ ಎಂದುಕೊಳ್ಳುತ್ತೇವೆ. ದುಡ್ಡು ಕೊಡುವವರು ಬೇರೆ, ಮೈ ಮುರಿದು ದುಡಿಯುವವರು ಬೇರೆ ಆದಲ್ಲೆಲ್ಲ ಇದು ಆಗುತ್ತದೆ. ಕಾಶೀಪುರದಲ್ಲೇ ಆಯಿತು.

ಒಂದು ಬಟ್ಟಲು ಗಂಜಿ

ಕಾಯಿಲೆ ಹೆಚ್ಚಿದಂತೆ ಗಂಟಲಿನ ಹುಣ್ಣು ಒಡೆದು ಕೀವು, ರಕ್ತ ಬರತೊಡಗಿತು. ಹುಡುಗರಲ್ಲಿ ಒಂದು ಪಿಸುಮಾತು ಹುಟ್ಟಿತು: ಇದು ಅಂಟುರೋಗವಂತೆ. ಕೆಲವರು ಹತ್ತಿರ ಹೋಗುವಾಗ ಹಿಂಜರಿಯುವುದು ನರೇಂದ್ರರ ಕಣ್ಣಿಗೆ ಬಿತ್ತು. ಒಂದು ದಿನ ಪರಮಹಂಸರು ನುಂಗಲಾಗದೆ ಬಿಟ್ಟಿದ್ದ ಗಂಜಿಯ ಬಟ್ಟಲು ಅಲ್ಲಿತ್ತು. ಅದರಲ್ಲಿ ಅವರ ಬಾಯಿಂದ ಬಂದದ್ದೂ ಸೇರಿತ್ತು. ನರೇಂದ್ರರು ಎಲ್ಲರೆದುರು ಅದನ್ನು ಎತ್ತಿ ಕುಡಿದುಬಿಟ್ಟರು. ಪಿಸುಮಾತು ಅಲ್ಲಿಗೆ ನಿಂತಿತು.

ಈ ಘಟನೆಯನ್ನು ಗುರುಭಕ್ತಿಯ ಉದಾಹರಣೆಯಾಗಿ ಹೇಳುತ್ತಾರೆ. ಆರೋಗ್ಯದ ಅಂಕಣದಲ್ಲಿ ಬೇರೆಯದನ್ನೂ ಹೇಳಬೇಕು. ನರೇಂದ್ರರ ನಂಬಿಕೆ ಸರಿಯಾಗಿತ್ತು: ಕ್ಯಾನ್ಸರ್ ಮುಟ್ಟಿದರೆ, ತಟ್ಟೆ ಲೋಟ ಹಂಚಿಕೊಂಡರೆ, ಪಕ್ಕದಲ್ಲಿ ಮಲಗಿದರೆ ಬರುವುದಿಲ್ಲ. ಗಂಟಲಿನ ಕೆಲವು ಕ್ಯಾನ್ಸರ್‌ಗಳ ಹಿಂದೆ ಎಚ್‌ಪಿವಿ ಎಂಬ ವೈರಸ್ ಇರುವುದು ನಿಜ, ಆದರೆ ರೋಗಿಗೆ ತಟ್ಟೆ ಬೇರೆ ಇಡಬೇಕಾದ ಕಾಯಿಲೆ ಅದಲ್ಲ. ಮೊಮ್ಮಗುವನ್ನು ತೊಡೆಯ ಮೇಲೆ ಕೂರಿಸಿಕೊಳ್ಳಬೇಡಿ ಎಂದು ಅಜ್ಜಿಗೆ ಹೇಳುವ ಮನೆಗಳು ಈಗಲೂ ಇವೆ. ಅದು ನೋವಿನ ಮೇಲೆ ನೋವು. ಆದರೆ ನರೇಂದ್ರರು ಮಾಡಿದ್ದನ್ನು ಯಾರೂ ಮಾಡಬೇಕಾಗಿಲ್ಲ. ಕೀವಿನಲ್ಲಿ, ಕಫದಲ್ಲಿ ಬೇರೆ ರೋಗಾಣುಗಳು ಇರಬಹುದು. ಹುಣ್ಣು ಒರೆಸುವಾಗ ಕೈಗವಸು ಹಾಕಿ, ಮುಂಚೆಯೂ ಆಮೇಲೆಯೂ ಸೋಪಿನಿಂದ ಕೈ ತೊಳೆಯಿರಿ, ಬಟ್ಟೆಯನ್ನು ಬೇರೆಯಾಗಿ ಬಿಸಿ ನೀರಿನಲ್ಲಿ ಒಗೆಯಿರಿ. ಕೈಗವಸು ಹಾಕಿದರೆ ಅಮ್ಮ ಬೇಸರ ಮಾಡಿಕೊಳ್ಳುತ್ತಾರೋ ಎಂಬ ಅಳುಕು ಇದ್ದರೆ, ಇದು ನಿಮ್ಮ ಹುಣ್ಣಿಗೆ ನನ್ನ ಕೈಯ ಕೊಳೆ ತಾಗದಿರಲಿ ಎಂದು ಎಂದು ಹೇಳಿಬಿಡಿ. ಸುಳ್ಳೇನಲ್ಲ.

ರಕ್ತಸ್ರಾವಕ್ಕೆ ಹುಡುಗರು ಏನು ಮಾಡುತ್ತಿದ್ದರೋ. ಇವತ್ತು ಮನೆಗೆ ಬರುವ ನರ್ಸು ಮೊದಲೇ ಕಲಿಸುವುದು ಇದು: ಗಾಢ ಬಣ್ಣದ ಎರಡು ದೊಡ್ಡ ಟವೆಲ್ ಹಾಸಿಗೆಯ ಪಕ್ಕದಲ್ಲಿ ಇಡಿ, ಬಿಳಿ ಬಟ್ಟೆಯಲ್ಲಿ ರಕ್ತ ನೋಡಿದರೆ ರೋಗಿಗೂ ನಿಮಗೂ ಗಾಬರಿ ಹೆಚ್ಚು. ಬಾಯಿಂದ ರಕ್ತ ಬಂದರೆ ಮುಂದಕ್ಕೆ ಬಾಗಿಸಿ ಕೂರಿಸಿ, ಕೂರಲಾಗದಿದ್ದರೆ ಪಕ್ಕಕ್ಕೆ ಮಲಗಿಸಿ, ರಕ್ತ ಉಸಿರ ದಾರಿಗೆ ಹೋಗದಿರಲಿ. ಯಾರಿಗೆ ಫೋನು ಮಾಡಬೇಕೆಂಬ ನಂಬರನ್ನು ಗೋಡೆಗೆ ಅಂಟಿಸಿ. ಜೊತೆಯಲ್ಲಿ ಇರಿ, ಬಿಟ್ಟು ಓಡಬೇಡಿ.

ಪಥ್ಯ ಎನ್ನುವುದು ಕಾಶೀಪುರದಲ್ಲಿ ದಿನದಿನದ ಯುದ್ಧವಾಗಿತ್ತು. ರವೆಯ ಪಾಯಸ, ಗಂಜಿ, ಹಾಲು. ಡಾಕ್ಟರು ಮಾಂಸದ ಸಾರು ಹೇಳಿದರು. ಶಾರದಾದೇವಿ ಮಾಂಸವನ್ನು ತಣ್ಣೀರಿನಲ್ಲಿಟ್ಟು, ಅದು ಹತ್ತಿಯಂತಾಗುವವರೆಗೆ ಬೇಯಿಸಿ, ಸೋಸಿ ಕೊಡುತ್ತಿದ್ದರು. ಬಸವನಹುಳುವಿನ ಸಾರು ಮಾಡಬೇಕು ಎಂದಾಗ ಮಾತ್ರ ಜೀವ ಇರುವುದನ್ನು ಕೈಯಾರೆ ಕೊಲ್ಲುವುದು ಹೇಗೆಂದು ಹಿಂಜರಿದರು. ಒಂದು ದಿನ ದೊಡ್ಡ ಬಟ್ಟಲಲ್ಲಿ ಎರಡೂವರೆ ಸೇರು ಹಾಲು ಹಿಡಿದು ಮಹಡಿ ಹತ್ತುವಾಗ ಎತ್ತರದ ಮೆಟ್ಟಿಲಲ್ಲಿ ತಲೆ ಸುತ್ತಿ ಬಿದ್ದರು. ಹಾಲೆಲ್ಲ ಚೆಲ್ಲಿತು, ಪಾದದ ಗಿಣ್ಣು ತಪ್ಪಿತು. ಮೂರು ದಿನ ಅವರ ಬದಲು ಗೋಲಾಪ್ ಮಾ ಎಂಬ ಹಿರಿಯ ಹೆಂಗಸು ಉಣಿಸಿದರು. ನೋಡಿಕೊಳ್ಳುವವರೇ ಬಿದ್ದರೆ ಮುಂದೇನು ಎಂಬುದಕ್ಕೆ ಅಲ್ಲಿ ಒಂದು ಉತ್ತರವಿತ್ತು. ನಿಮ್ಮ ಮನೆಯಲ್ಲಿ ಆ ಗೋಲಾಪ್ ಮಾ ಯಾರು ಎಂದು ಬೀಳುವ ಮುಂಚೆಯೇ ಯೋಚಿಸಿಟ್ಟುಕೊಳ್ಳಿ.

ಮತ್ತೊಂದು ದಿನ ಪರಮಹಂಸರಿಗೆ ನೆಲ್ಲಿಕಾಯಿ ಬೇಕೆನ್ನಿಸಿತು. ಅದು ನೆಲ್ಲಿಯ ಕಾಲವಲ್ಲ. ದುರ್ಗಾಚರಣ ನಾಗ್ ಎಂಬ ಭಕ್ತರು ಹೊರಟುಹೋದರು; ತೋಟ ತೋಟ ಅಲೆದು ಮೂರು ದಿನದ ಮೇಲೆ ನೆಲ್ಲಿಕಾಯಿ ಹಿಡಿದು ಬಂದರು. ಬಾಯಿ ಕೆಟ್ಟ ರೋಗಿಗೆ ಹುಳಿ ಒಗರು ಬೇಕೆನಿಸುವುದು ಸಹಜ. ಪೌಷ್ಟಿಕ, ಪೌಷ್ಟಿಕ ಎಂದು ಪ್ರೋಟೀನ್ ಪುಡಿಯನ್ನೇ ತುರುಕುವ ನಾವು ಆಸೆಪಟ್ಟ ಒಂದು ಚಮಚ ಉಪ್ಪಿನಕಾಯಿ ರಸಕ್ಕೆ ಬೇಡ ಎನ್ನುತ್ತೇವೆ. ಹುಣ್ಣಿಗೆ ಉರಿಯದಿದ್ದರೆ, ನುಂಗಲು ತೊಂದರೆಯಿಲ್ಲದಿದ್ದರೆ ಕೊಡಿ.

ಉಣಿಸುವ ಬಗೆಯನ್ನು ಮಾತ್ರ ಕಲಿಯಲೇಬೇಕು. ರೋಗಿಯನ್ನು ನೇರ ಕೂರಿಸಿ, ಗಲ್ಲ ತುಸು ಕೆಳಗಿರಲಿ, ಚಿಕ್ಕ ಚಮಚ, ಒಂದು ತುತ್ತು ಇಳಿದ ಮೇಲೆ ಇನ್ನೊಂದು. ಆಮೇಲೆ ಅರ್ಧ ಗಂಟೆ ಮಲಗಿಸಬೇಡಿ. ಅನೇಕರಿಗೆ ನೀರಿಗಿಂತ ರಾಗಿ ಗಂಜಿಯಂಥ ಮಂದವಾದದ್ದು ಸಲೀಸು. ಪ್ರತಿ ತುತ್ತಿಗೂ ಕೆಮ್ಮು ಬಂದರೆ ನಿಲ್ಲಿಸಿ ಡಾಕ್ಟರರಿಗೆ ತಿಳಿಸಿ, ಮೂಗಿನ ಟ್ಯೂಬೋ ಹೊಟ್ಟೆಯ ಟ್ಯೂಬೋ ಬೇಕಾಗಬಹುದು. ಊಟದ ಹಿಂದೆ ಮುಂದೆ ಬಾಯಿ ಮುಕ್ಕಳಿಸಲು ಒಂದು ಲೋಟ ಉಗುರುಬೆಚ್ಚನೆ ನೀರಿಗೆ ಕಾಲು ಚಮಚ ಉಪ್ಪು, ಕಾಲು ಚಮಚ ಅಡುಗೆ ಸೋಡಾ ಸಾಕು.

1886ರ ಜನವರಿ 1ರ ಮಧ್ಯಾಹ್ನ ಪರಮಹಂಸರು ಸ್ವಲ್ಪ ಹಗುರವೆನಿಸಿ ಕೆಳಗಿಳಿದು ತೋಟದಲ್ಲಿ ನಡೆದರು. ಅಂದು ಅಲ್ಲಿದ್ದ ಭಕ್ತರನ್ನೆಲ್ಲ ಹರಸಿದರು. ಕಲ್ಪತರು ದಿನವೆಂದು ಈಗಲೂ ಆಚರಿಸುತ್ತಾರೆ. ಲಾಟು ಮತ್ತು ಶರತ್ ಅಲ್ಲಿರಲಿಲ್ಲ. ರೋಗಿ ಕೋಣೆ ಬಿಟ್ಟು ಹೋದದ್ದೇ ಸಮಯವೆಂದು ಅವರು ಹಾಸಿಗೆಯನ್ನು ಬಿಸಿಲಿಗೆ ಹಾಕಿ ಕೋಣೆ ಗುಡಿಸುತ್ತಿದ್ದರು. ಕೆಳಗೆ ಗದ್ದಲ ಕೇಳಿತು, ಕೆಲಸ ಬಿಟ್ಟು ಇಳಿಯಲಿಲ್ಲ.

ಧ್ವನಿ ಕ್ರಮೇಣ ಹೋಯಿತು. ಸನ್ನೆ ಮಾಡುತ್ತಿದ್ದರು, ಒಮ್ಮೊಮ್ಮೆ ಕಾಗದದ ಮೇಲೆ ಬರೆಯುತ್ತಿದ್ದರು. ನಡುವೆ ಶಾರದಾದೇವಿ ತಾರಕೇಶ್ವರಕ್ಕೆ ಹೋಗಿ ಶಿವನ ಮುಂದೆ ಎರಡು ದಿನ ಉಪವಾಸ ಬಿದ್ದು ಬೇಡಿಕೊಂಡರು. ಅಲ್ಲಿಂದ ಬರಿಗೈಲಿ ಬಂದೆ ಎಂಬ ಅರಿವು ಅವರಿಗೇ ಆಗಿತ್ತು. ದೇಹ ಎಲುಬಿನ ಗೂಡಾಯಿತು.

ನೋವಿಗೆ ಆಗ ಇದ್ದದ್ದು ಸ್ವಲ್ಪ. ಇವತ್ತು ಕ್ಯಾನ್ಸರ್ ನೋವಿಗೆ ಬಾಯಿಂದ ತೆಗೆದುಕೊಳ್ಳುವ ಮಾರ್ಫಿನ್ ಇದೆ. 2014ರಲ್ಲಿ ಮಾದಕ ವಸ್ತುಗಳ ಕಾಯ್ದೆಗೆ ತಿದ್ದುಪಡಿಯಾದ ಮೇಲೆ ಆಸ್ಪತ್ರೆಗಳಿಗೆ ಅದನ್ನು ಇಟ್ಟುಕೊಳ್ಳುವ ದಾರಿ ಸರಳವಾಗಿದೆ. ಚಟವಾಗುತ್ತದೆ, ಇದು ಕೊನೆಗಾಲದ ಮದ್ದು ಎಂದು ಹೆದರಿ ಮನೆಯವರೇ ಅದನ್ನು ಬಚ್ಚಿಡುವುದುಂಟು. ಡಾಕ್ಟರು ಹೇಳಿದ ಪ್ರಮಾಣದಲ್ಲಿ, ಹೇಳಿದ ಹೊತ್ತಿಗೆ, ನೋವು ಏರುವ ಮುಂಚೆಯೇ ಕೊಟ್ಟರೆ ರೋಗಿ ಎದ್ದು ಕೂತು ಮಾತಾಡುತ್ತಾರೆ. ಮಲಬದ್ಧತೆ ಬರುತ್ತದೆ, ಅದಕ್ಕೂ ಔಷಧ ಜೊತೆಯಲ್ಲೇ ಕೇಳಿ. ತಾನಾಗಿ ಥಟ್ಟನೆ ನಿಲ್ಲಿಸಬೇಡಿ. ಮುಂಬೈಯ ಶಾಂತಿ ಅವೇದನಾ ಸದನ, ಪುಣೆಯ ಸಿಪ್ಲಾ ಪ್ಯಾಲಿಯೇಟಿವ್ ಕೇರ್ ಕೇಂದ್ರ, ದಿಲ್ಲಿಯಲ್ಲಿ ಮನೆಗೇ ಬಂದು ನೋಡುವ ಕ್ಯಾನ್‌ಸಪೋರ್ಟ್, ಹೈದರಾಬಾದಿನ ಎಂಎನ್‌ಜೆ ಆಸ್ಪತ್ರೆ, ಚೆನ್ನೈ ಅಡ್ಯಾರಿನ ಕ್ಯಾನ್ಸರ್ ಇನ್‌ಸ್ಟಿಟ್ಯೂಟ್, ಊರಿಗೆ ಹಿಂತಿರುಗುವವರಿಗೆ ಬೆಂಗಳೂರಿನ ಕರುಣಾಶ್ರಯ ಇವುಗಳಲ್ಲಿ ವಿಚಾರಿಸಬಹುದು. ಪ್ಯಾಲಿಯೇಟಿವ್ ಕೇರ್ ಎಂದರೆ ಕೈಬಿಟ್ಟರು ಎಂದಲ್ಲ. ಚಿಕಿತ್ಸೆ ನಡೆಯುತ್ತಿರುವಾಗಲೇ ಅದನ್ನು ಶುರುಮಾಡಬಹುದು.

ಕೊನೆಯ ರಾತ್ರಿ

1886ರ ಆಗಸ್ಟ್ 15, ಭಾನುವಾರ. ನಾಡಿ ತಪ್ಪುತ್ತಿತ್ತು, ಉಸಿರಾಟ ಕಷ್ಟವಾಗಿತ್ತು. ಆ ದಿನ ಹುಡುಗರಿಗೆಂದು ಶಾರದಾದೇವಿ ಮಾಡಿದ ಖಿಚಡಿ ತಳ ಹಿಡಿಯಿತಂತೆ. ಅವರ ಮನಸ್ಸು ಎಲ್ಲಿತ್ತೆಂದು ಊಹಿಸಬಹುದು. ರಾತ್ರಿ ಐದಾರು ದಿಂಬು ಒಟ್ಟಿ ರೋಗಿಯನ್ನು ಒರಗಿಸಿದರು. ಹಿಂದಿನಿಂದ ಶಶಿ ತನ್ನ ಮೈಯ ಆಸರೆ ಕೊಟ್ಟು ಬೀಸಣಿಗೆಯಿಂದ ಗಾಳಿ ಹಾಕುತ್ತಿದ್ದ. ಯಾರೂ ಕಲಿಸದಿದ್ದರೂ ಅದು ಸರಿಯಾದ ಕೆಲಸವೇ. ಉಸಿರು ಕಟ್ಟುವ ರೋಗಿಯನ್ನು ಒರಗಿಸಿ ಕೂರಿಸುವುದು, ಮುಖದ ಮೇಲೆ ತಣ್ಣನೆ ಗಾಳಿ ಬೀಳುವಂತೆ ಫ್ಯಾನ್ ಹಿಡಿಯುವುದು ಇವತ್ತಿಗೂ ನರ್ಸುಗಳು ಹೇಳಿಕೊಡುವ ಉಪಾಯ. ಮಧ್ಯರಾತ್ರಿ ದಾಟಿ ಒಂದು ಗಂಟೆಯ ಸುಮಾರಿಗೆ ಪರಮಹಂಸರು ತೀರಿಕೊಂಡರು. ಸಮಾಧಿಯಿರಬಹುದೆಂದು ಹುಡುಗರು ಬೆಳಗಿನವರೆಗೆ ಕಾದರು. ಮಾರನೆಯ ದಿನ ಡಾಕ್ಟರ್ ಸರ್ಕಾರ್ ಬಂದು ಜೀವ ಹೋಗಿದೆ ಎಂದರು, ಫೋಟೋ ತೆಗೆಸಲೆಂದು 10 ರೂಪಾಯಿ ಕೊಟ್ಟು ಹೋದರು.

ಶಾರದಾದೇವಿಯವರಿಗೆ ಆಗ 32. ಕಾಶಿ, ವೃಂದಾವನ ಸುತ್ತಿ ಬಂದ ಮೇಲೆ ಕಾಮಾರಪುಕುರದ ಮನೆಯಲ್ಲಿ ಒಬ್ಬರೇ ಉಳಿದರು. ದೇವಸ್ಥಾನದಿಂದ ಬರುತ್ತಿದ್ದ ಸಣ್ಣ ಮಾಸಾಶನ ನಿಂತುಹೋಗಿತ್ತು. ತಾವೇ ನೆಲ ಅಗೆದು ಸೊಪ್ಪು ಬೆಳೆದುಕೊಂಡರು. ಅನ್ನಕ್ಕೆ ಉಪ್ಪೂ ಇಲ್ಲದ ದಿನಗಳಿದ್ದವು. ರೋಗಿ ಇರುವವರೆಗೆ ಮನೆ ತುಂಬ ಜನ, ಹದಿಮೂರು ದಿನ ಕಳೆದ ಮೇಲೆ ಫೋನೂ ಇಲ್ಲ ಎಂದು ಎಷ್ಟೋ ಮಂದಿ ಹೇಳುವುದು ಇದನ್ನೇ. ಸುದ್ದಿ ಕಲ್ಕತ್ತೆಗೆ ತಲುಪಿದ ಮೇಲೆ ಭಕ್ತರು ಅವರನ್ನು ಕರೆಸಿಕೊಂಡರು. ಅವರು 1920ರವರೆಗೆ ಬದುಕಿದರು.

ಶಶಿ ಮುಂದೆ ಸ್ವಾಮಿ ರಾಮಕೃಷ್ಣಾನಂದರಾದರು. 1897ರಲ್ಲಿ ಮದರಾಸಿಗೆ ಬಂದು ಅಲ್ಲಿ ಮಠ ಕಟ್ಟಿದರು, ಬೆಂಗಳೂರಿನ ಆಶ್ರಮಕ್ಕೂ ದುಡಿದರು. ಹದಿನಾಲ್ಕು ವರ್ಷದ ದುಡಿಮೆಯ ಮೇಲೆ ಕ್ಷಯ ಹಿಡಿಯಿತು. ಕಲ್ಕತ್ತೆಯ ಉದ್ಬೋಧನ ಮನೆಗೆ ಕರೆದೊಯ್ದರು. 1911ರ ಆಗಸ್ಟ್ 21ರಂದು ಅಲ್ಲೇ ತೀರಿಕೊಂಡರು. ಆ ಮನೆಯ ಹೊಣೆ ಆಗ ಸ್ವಾಮಿ ಶಾರದಾನಂದರದು. ಕಾಶೀಪುರದಲ್ಲಿ ಅಂದು ಹಾಸಿಗೆಯನ್ನು ಬಿಸಿಲಿಗೆ ಹಾಕುತ್ತಿದ್ದ ಶರತ್ ಅವರೇ.